ಮಳೆ ಹನಿಗೆ ಕಾಯಬೇಡಿ, ಗುಡುಗಿಗೆ ಕಿವಿಗೊಡಿ

ಮಳೆ ಶುರುವಾದ ಮೇಲೆ ಒಳಗೆ ಹೋದರಾಯಿತು ಎಂದು ಬಯಲಲ್ಲೇ ನಿಲ್ಲುವವರು ಬಹಳ. ಸಿಡಿಲಿಗೆ ಮಳೆಯ ಹಂಗಿಲ್ಲ. ಮಳೆ ಸುರಿಯುವ ಜಾಗದಿಂದ 10 ಕಿ.ಮೀ. ಆಚೆಗೂ, ನೆತ್ತಿಯ ಮೇಲೆ ನೀಲಿ ಆಕಾಶವಿದ್ದಾಗಲೂ ಬಡಿಯಬಲ್ಲದು.

ಮೊದಲು ಮೋಡದ ತಲೆ ನೋಡಿ. ಬಿಸಿಲೇರಿದಂತೆ ಹತ್ತಿಯ ರಾಶಿಯಂಥ ಬಿಳಿ ಮೋಡಗಳು ಏಳುತ್ತವೆ. ಎತ್ತರಕ್ಕಿಂತ ಅಗಲವೇ ಹೆಚ್ಚಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ತುದಿ ಹೂಕೋಸಿನಂತೆ ಉಬ್ಬುತ್ತ ಮೇಲೇರುತ್ತಿದ್ದರೆ ಹುಷಾರಾಗಿ. ಗೋಡೆಯ ಅಂಚನ್ನೋ ಕಂಬವನ್ನೋ ಗುರುತಿಟ್ಟುಕೊಂಡು ಒಂದೆರಡು ನಿಮಿಷ ನೋಡಿದರೆ ಅದು ಬೆಳೆಯುವುದು ಕಣ್ಣಿಗೇ ಕಾಣುತ್ತದೆ. ಹೂಕೋಸಿನ ಸ್ಪಷ್ಟ ಅಂಚು ಮಸುಕಾಗಿ, ನಾರುನಾರಾಗಿ, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೆಂದರೆ ತುದಿಯ ನೀರು ಹಿಮವಾಗಿದೆ, ಮೋಡ ಬಲಿತಿದೆ. ಇಂಥ ಮೋಡದ ತಲೆ 12 ಕಿ.ಮೀ. ದಾಟುವುದೂ ಉಂಟು. ಒಳಗೆ ಹಿಮದ ಹರಳುಗಳೂ ಪುಟ್ಟ ಆಲಿಕಲ್ಲುಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ ಹುಟ್ಟುತ್ತದೆ. ಮೋಡ ನೇರ ತಲೆಯ ಮೇಲಿದ್ದರೆ ಇದೊಂದೂ ಕಾಣದು. ಆಗ ಕಪ್ಪಗಾದ ತಳವೇ ಸುಳಿವು.

ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿ.ಮೀ.ನಲ್ಲಿ ಸಿಗುತ್ತದೆ, ಏಕೆಂದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 30 ಸೆಕೆಂಡ್ ಅಂದರೆ 10 ಕಿ.ಮೀ.; ಅಷ್ಟು ಹತ್ತಿರ ಬಂದರೆ ಒಳಗಿರಬೇಕು. ಮಿಂಚು ಮೇಲಿಂದ ಮೇಲೆ ಹೊಡೆಯುತ್ತಿದ್ದರೆ ಯಾವ ಗುಡುಗು ಯಾವ ಮಿಂಚಿನದೆಂದು ತಿಳಿಯದೆ ಲೆಕ್ಕ ತಪ್ಪುತ್ತದೆ. ಆಗ ಎಣಿಕೆ ಬಿಟ್ಟು ನಡೆಯಿರಿ. ನಿಜ ಹೇಳಬೇಕೆಂದರೆ, ಗುಡುಗು ಕಿವಿಗೆ ಬಿತ್ತೆಂದರೇ ಹೊರಡುವ ಹೊತ್ತಾಯಿತು.

ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿದರೆ ಹಾಯೆನಿಸುತ್ತದೆ, ಆದರೆ ಅದು ಮೋಡದಿಂದ ಕುಸಿದ ಗಾಳಿ. ಬೀಳುವ ಹನಿಗಳು ಆವಿಯಾಗಿ ಗಾಳಿಯನ್ನು ತಣಿಸುತ್ತವೆ. ಭಾರವಾದ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಕೊಂಬೆ ಮುರಿಯುವುದು, ತಗಡಿನ ಶೀಟು ಹಾರುವುದು ಎಷ್ಟೋ ಸಲ ಮಳೆಗೂ ಮುಂಚೆ, ಈ ಗಾಳಿಗೇ.

ಎಲ್ಲಿಗೆ ಹೋಗಬೇಕು? ಗೋಡೆ, ಚಾವಣಿ, ವೈರಿಂಗ್ ಇರುವ ಗಟ್ಟಿ ಕಟ್ಟಡಕ್ಕೆ; ಇಲ್ಲವೇ ಕಿಟಕಿ ಏರಿಸಿದ, ಲೋಹದ ಚಾವಣಿಯ ಕಾರಿನೊಳಕ್ಕೆ. ಕಾರು ಕಾಪಾಡುವುದು ರಬ್ಬರ್ ಟೈರಿನಿಂದಲ್ಲ: ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕಿಳಿಸುತ್ತದೆ. ಗೋಡೆಯಿಲ್ಲದ ಚಪ್ಪರ, ಟೆಂಟು ಬೇಡ. ಒಂಟಿ ಮರವಂತೂ ಎಲ್ಲಕ್ಕಿಂತ ಕೆಟ್ಟದ್ದು. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿದ್ದವರ ಮೈಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಿಯುತ್ತದೆ. ಮನೆಯೊಳಗೂ ನಲ್ಲಿ, ಪ್ಲಗ್ಗಿಗೆ ಸಿಕ್ಕಿಸಿದ ಉಪಕರಣ ಮುಟ್ಟಬೇಡಿ. ಚಾರ್ಜರ್‌ಗೆ ಸಿಕ್ಕಿಸದ ಮೊಬೈಲ್ ಬಳಸಬಹುದು.

ಬಯಲಲ್ಲೇ ಸಿಕ್ಕಿಬಿದ್ದರೆ ದಿಬ್ಬದಿಂದ ಇಳಿದು, ನೀರಿನಿಂದಲೂ ತಂತಿಬೇಲಿಯಿಂದಲೂ ದೂರ ಸರಿದು, ಆಸರೆಯತ್ತ ನಡೆಯುತ್ತಲೇ ಇರಿ. ಜೊತೆಗಿದ್ದವರು ದೂರ ದೂರವಿರಲಿ. ನೆಲದ ಮೇಲೆ ಮಲಗಬೇಡಿ.

ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ. ನಡುವೆ ಇನ್ನೊಂದು ಗುಡುಗಿದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್‌ಗೆ ಕರೆ ಮಾಡಿಸಿ, ಎದೆಯ ಮಧ್ಯೆ ಕನಿಷ್ಠ 5 ಸೆಂ.ಮೀ. ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ನೆರವು ಬರುವವರೆಗೂ ನಿಲ್ಲಿಸಬೇಡಿ.