ಎದುರಿಗೇ ಇಟ್ಟು ಅಡಗಿಸುವುದು: ಪತ್ತೇದಾರಿ ಕಾದಂಬರಿ ಬರೆಯುವ ನನ್ನ ಕ್ರಮ

ನಾನು ಮೊದಲು ಬರೆಯುವುದು ಕೊನೆಯಿಂದ ಎರಡನೆಯ ಅಧ್ಯಾಯವನ್ನು. ಕೊಂದವರು ಯಾರು, ಯಾಕೆ, ಹೇಗೆ, ಗುಟ್ಟು ಯಾವ ಎಳೆಯಿಂದ ಬಿಚ್ಚಿಕೊಂಡಿತು ಎಂಬುದೆಲ್ಲ ಅಲ್ಲಿ ಬರುತ್ತದೆ. ಅಷ್ಟನ್ನು ಹೇಳಲು 2,000 ಪದ ಸಾಲದೆ ಹೋದರೆ ಸಂಚು ಅತಿಯಾಗಿ ಗೋಜಲಾಗಿದೆ ಎಂದರ್ಥ. ಆಗ ಒಂದು ಪಾತ್ರವನ್ನೋ ಒಂದು ಕಾಕತಾಳೀಯವನ್ನೋ ಕಿತ್ತುಹಾಕುತ್ತೇನೆ. ಇದು ಗಟ್ಟಿಯಾಗುವ ತನಕ ಮೊದಲ ಅಧ್ಯಾಯಕ್ಕೆ ಕೈ ಹಾಕುವುದಿಲ್ಲ.

ಆಮೇಲೆ ಅಂಗಡಿ ಲೆಕ್ಕದ ಉದ್ದ ಪುಸ್ತಕದಲ್ಲಿ ಎರಡು ಪಟ್ಟಿ. ಮೊದಲನೆಯದು ಗಂಟೆಯ ಪಟ್ಟಿ. ಕೊಲೆಯಾದ ದಿನ ಸಂಜೆ 4ರಿಂದ ಮರುದಿನ ಬೆಳಿಗ್ಗೆ 8ರ ವರೆಗೆ ಅರ್ಧ ಗಂಟೆಗೊಂದು ಸಾಲು, ಒಟ್ಟು 32. ಪ್ರತಿ ಪಾತ್ರಕ್ಕೂ ಒಂದು ಕಾಲಂ. ಪ್ರತಿ ಚೌಕದಲ್ಲಿ ಎರಡು ಸಂಗತಿ: ಆತ ನಿಜಕ್ಕೂ ಎಲ್ಲಿದ್ದ, ಎಲ್ಲಿದ್ದೆ ಎಂದು ಹೇಳುತ್ತಾನೆ. ಎರಡನೆಯದು ಸುಳಿವಿನ ಪಟ್ಟಿ. ಸುಳಿವು ಯಾವುದು, ಓದುಗರ ಕಣ್ಣಿಗೆ ಅದು ಬೀಳುವ ಅಧ್ಯಾಯ, ಅವರು ಅದನ್ನು ಏನೆಂದು ತಪ್ಪು ತಿಳಿಯಬೇಕು, ಬಿಚ್ಚುವ ಅಧ್ಯಾಯ. ಮೂರನೆಯ ಕಾಲಂ ಖಾಲಿ ಉಳಿದರೆ ಆ ಸುಳಿವನ್ನು ಹೊಡೆದುಹಾಕುತ್ತೇನೆ. ತಪ್ಪು ತಿಳಿಯಲು ದಾರಿಯಿಲ್ಲದ ಸುಳಿವನ್ನು ಓದುಗರು ಅಲ್ಲೇ ಹಿಡಿಯುತ್ತಾರೆ, ಇಲ್ಲವೇ ಗಮನಿಸದೆ ದಾಟಿ ಕೊನೆಗೆ ಮೋಸವಾಯಿತು ಅನ್ನುತ್ತಾರೆ. 24 ಅಧ್ಯಾಯಕ್ಕೆ ಏಳೆಂಟು ಸುಳಿವು ಸಾಕು. ಅದರಲ್ಲಿ ಮುಖ್ಯವಾದ ಮೂರು 8ನೇ ಅಧ್ಯಾಯದೊಳಗೆ ಬಂದಿರಲೇಬೇಕು.

ಕಾಸರಗೋಡಿನಲ್ಲಿ ಕೂತು ಬರೆಯುವವರಿಗೆ ಒಂದು ದೊಡ್ಡ ಭಾಗ್ಯವಿದೆ. ಕನ್ನಡ, ತುಳು, ಮಲಯಾಳ ಬೆರೆತ ಇಲ್ಲಿ ಮಾತೇ ಸುಳಿವು. ಒಂದು ಉದಾಹರಣೆ ಕೊಡುತ್ತೇನೆ. ಸತ್ತವರ ಮೇಜಿನ ಮೇಲೆ ಕನ್ನಡ ಲಿಪಿಯಲ್ಲಿ ಬರೆದ ತುಳು ಚೀಟಿ: ‘ಇನಿ ಬರ್ಪೆ.’ ತುಳುವಿನಲ್ಲಿ ‘ಇನಿ’ ಅಂದರೆ ಇವತ್ತು. ಮಲಯಾಳದಲ್ಲಿ ಅದೇ ‘ಇನಿ’ ಇನ್ನು ಮುಂದೆ ಎಂದಾಗುತ್ತದೆ. ಇನ್ನು ‘ಬರ್ಪೆ’. ಕೊನೆಯ ಸ್ವರವನ್ನು ತುಸು ಬಾಯಿ ಅಗಲಿಸಿ ಹೇಳಿದರೆ ‘ನಾನು ಬರುತ್ತೇನೆ’, ಅಗಲಿಸದಿದ್ದರೆ ‘ಅವನು ಬರುತ್ತಾನೆ’. ಬಾಯಲ್ಲಿ ಬೇರೆ ಬೇರೆ, ಕನ್ನಡ ಲಿಪಿಯಲ್ಲಿ ಎರಡೂ ಒಂದೇ. 5ನೇ ಅಧ್ಯಾಯದಲ್ಲಿ ಸತ್ತವರ ಅಳಿಯ ಚೀಟಿ ನೋಡಿದ ಕೂಡಲೇ ಪೊಲೀಸರಿಗೆ ಅರ್ಥ ಹೇಳುತ್ತಾನೆ: ‘ಅವನು ಇವತ್ತು ಬರ್ತಾನೆ ಅಂತ.’ ಓದುಗರಿಗೆ ಅದು ಬರಿಯ ಅನುವಾದ. 21ನೇ ಅಧ್ಯಾಯದಲ್ಲಿ ಅದೇ ಚೀಟಿ ಹಿಡಿದ ನೆರೆಮನೆಯ ಅಜ್ಜಿ ಕೇಳುತ್ತಾರೆ: ‘ಇದು ನಾನು ಅಂತಲೋ, ಅವನು ಅಂತಲೋ?’ ತುಳು ಬಲ್ಲ ಯಾರಿಗೂ ಏಳಬೇಕಾದ ಆ ಪ್ರಶ್ನೆ ಅಳಿಯನಿಗೆ ಏಳಲಿಲ್ಲ. ಬರೆದವನೇ ಅವನು.

ಆದರೆ ತುಳು ಬಾರದ ಓದುಗರಿಗೆ ಇದು ಅನ್ಯಾಯವಾಗಬಾರದು. ಸುಳಿವಿಗೆ ಬೇಕಾದ ತಿಳಿವಳಿಕೆಯನ್ನು ಒಂದೆರಡು ಅಧ್ಯಾಯ ಮೊದಲೇ, ಬೇರೆ ಸಂದರ್ಭದಲ್ಲಿ, ಬೇರೆ ಪದದಲ್ಲಿ ಕೊಡಬೇಕು. 3ನೇ ಅಧ್ಯಾಯದ ಚಾ ಅಂಗಡಿಯಲ್ಲಿ, ಕಣ್ಣೂರು ಕಡೆಯಿಂದ ವರ್ಗವಾಗಿ ಬಂದ ಪೇದೆಗೆ ಮೇಷ್ಟ್ರೊಬ್ಬರು ‘ಪೋಪೆ’ಯ ಎರಡು ಉಚ್ಚಾರ (‘ಹೋಗುತ್ತೇನೆ’, ‘ಹೋಗುತ್ತಾನೆ’) ಹೇಳಿಕೊಡುತ್ತಾರೆ, ಎಲ್ಲರೂ ನಗುತ್ತಾರೆ, ಅಷ್ಟೆ. ಅಲ್ಲೇ ‘ಬರ್ಪೆ’ ಹಾಕಿದರೆ ಗುಟ್ಟು ರಟ್ಟಾಯಿತು.

ಸುಳಿವು ಯಾವತ್ತೂ ಪ್ಯಾರಾದ ಕೊನೆಯ ವಾಕ್ಯವಾಗಬಾರದು, ಅಲ್ಲಿ ಕಣ್ಣು ನಿಲ್ಲುತ್ತದೆ. ನಡುವೆ ಇಡಿ, ಹಿಂದೆಯೇ ಏನಾದರೊಂದು ಗಡಿಬಿಡಿ ತನ್ನಿ: ದನ ಹಗ್ಗ ಬಿಚ್ಚಿಕೊಂಡಿತು, ಮಳೆ ಬಂತು ಅಂಗಳದ ಅಡಿಕೆಗೆ ಟಾರ್ಪಾಲು ಹೊದೆಸಬೇಕು.

ರಾತ್ರಿಯ ದೃಶ್ಯಕ್ಕೆ ಪಂಚಾಂಗ ಬೇಕೇ ಬೇಕು. ಶುಕ್ಲ ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಕೃಷ್ಣ ಅಷ್ಟಮಿಯವನು ಆ ಹೊತ್ತಿಗೆ ಮೂಡುತ್ತಾನೆ. ಕೃಷ್ಣ ಅಷ್ಟಮಿಯ ರಾತ್ರಿ ಹತ್ತಕ್ಕೆ ಬೆಳದಿಂಗಳಲ್ಲಿ ಮುಖ ಕಂಡೆ ಅನ್ನುವ ಸಾಕ್ಷಿ ಸುಳ್ಳ, ಇಲ್ಲವೇ ಕಾದಂಬರಿಕಾರ ಎಡವಿದ್ದಾನೆ. ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ದೋಣಿ ಬಂದರೆ ಉಬ್ಬರದ ಲೆಕ್ಕವೂ ಬೇಕು. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ.

ಹೆಣ ಸೆಟೆಯುವುದು ರೆಪ್ಪೆ, ದವಡೆಗಳಿಂದ ಶುರುವಾಗಿ ಮೈಯೆಲ್ಲ ಹಬ್ಬಲು ಸುಮಾರು 12 ಗಂಟೆ. ನಮ್ಮ ಸೆಕೆಗೆ ಅದೆಲ್ಲ ಬೇಗ ಬಂದು ಬೇಗ ಬಿಡುತ್ತದೆ. ಹಾಗಾಗಿ ನನ್ನ ವೈದ್ಯರು ಸಾವಿನ ಸಮಯವನ್ನು ನಿಮಿಷಕ್ಕೆ ಹೇಳುವುದಿಲ್ಲ, ಮೂರು ನಾಲ್ಕು ಗಂಟೆಯ ಅಂತರ ಇಟ್ಟೇ ಹೇಳುತ್ತಾರೆ. ಕಥೆಗೂ ಅದೇ ಒಳ್ಳೆಯದು, ಸುಳ್ಳು ಹೇಳಲು ಎಲ್ಲರಿಗೂ ಜಾಗ ಸಿಗುತ್ತದೆ.

ಕಾನೂನಿನಲ್ಲಿ ಹೆಚ್ಚು ತಪ್ಪಾಗುವುದು ಎರಡು ಕಡೆ. 2024 ಜುಲೈ 1ರಿಂದ ಈಚಿನ ಕೊಲೆಗೆ ಹಳೆಯ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 302 ಎಂದು ಬರೆಯಬಾರದು, ಭಾರತೀಯ ನ್ಯಾಯ ಸಂಹಿತೆಯ 103 ಆಗಬೇಕು. ಇನ್ನೊಂದು, ಇನ್ಸ್‌ಪೆಕ್ಟರ್ ಮುಂದೆ ಅಪರಾಧಿ ಎಲ್ಲವನ್ನೂ ಒಪ್ಪಿಕೊಳ್ಳುವ ಆ ಕೊನೆಯ ದೃಶ್ಯ. ಪೊಲೀಸರೆದುರಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆದರೆ ಬಂಧನದಲ್ಲಿದ್ದಾಗ ಅವನು ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ ಮಾಹಿತಿಯ ಅಷ್ಟು ಭಾಗ ನಿಲ್ಲುತ್ತದೆ. ಅದಕ್ಕೇ ನನ್ನ ಕಥೆಯಲ್ಲಿ ಮಾತಿಗಿಂತ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ಕೆಸರಿನಿಂದ ಹೊರಬರುವ ಕತ್ತಿ ಮುಖ್ಯ. ಠಾಣೆಯ ಕಾಗದ ಇಲ್ಲಿ ಮಲಯಾಳದಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. ತುಳುವಿನಲ್ಲಿ ಕೊಟ್ಟ ಹೇಳಿಕೆ ಮಲಯಾಳಕ್ಕೆ ದಾಟುವಾಗ ಏನು ಜಾರಿಹೋಯಿತು ಎಂಬುದರಲ್ಲೇ ಇನ್ನೊಂದು ಕಾದಂಬರಿ ಇದೆ.

ಬರೆಯುವುದು ಬೆಳಿಗ್ಗೆ 5ರಿಂದ 7. ದಿನಕ್ಕೆ 700 ಪದ. ಅಧ್ಯಾಯಕ್ಕೆ 1,700ರಂತೆ, ಭಾನುವಾರ ಬಿಟ್ಟು, ಸುಮಾರು ಎರಡೂಕಾಲು ತಿಂಗಳಿಗೆ ಕರಡು ಮುಗಿಯುತ್ತದೆ. ಸಂಭಾಷಣೆಯ ನಡುವೆ ನಿಲ್ಲಿಸಿ ಏಳುತ್ತೇನೆ, ಮರುದಿನ ಉತ್ತರ ಬರೆಯುವುದರಿಂದಲೇ ಕೈ ಓಡುತ್ತದೆ. ಭಾನುವಾರ ಹೊಸದಾಗಿ ಬರೆಯುವುದಿಲ್ಲ, ಪಟ್ಟಿ ಸರಿಮಾಡುತ್ತೇನೆ. ಇದನ್ನು ತಪ್ಪಿಸಿದರೆ ಹತ್ತನೇ ಅಧ್ಯಾಯದಲ್ಲಿ ಒಂದು ಜೇಬಿನಲ್ಲಿದ್ದ ಸತ್ತವರ ಕನ್ನಡಕ ಹದಿನೈದರಲ್ಲಿ ಬೇರೆ ಜೇಬಿಗೆ ಹೋಗಿರುತ್ತದೆ.

ತಿದ್ದುವಾಗ ಕೊಲೆಗಾರನ ದೃಶ್ಯಗಳನ್ನು ಮಾತ್ರ ಆರಿಸಿ ಒಂದೇ ಓಟದಲ್ಲಿ ಓದುತ್ತೇನೆ. ಅವನ ಪ್ರತಿ ಮಾತೂ ನಿರಪರಾಧಿಯ ಬಾಯಲ್ಲೂ ಒಪ್ಪಬೇಕು, ಗುಟ್ಟು ಗೊತ್ತಾದ ಮೇಲೂ ಒಪ್ಪಬೇಕು. ನಂತರ ಕರಡು ಮೂವರ ಕೈಗೆ. 12ನೇ ಮತ್ತು 20ನೇ ಅಧ್ಯಾಯ ಮುಗಿದಾಗ ಅನುಮಾನ ಯಾರ ಮೇಲೆ ಎಂದು ಚೀಟಿಯಲ್ಲಿ ಬರೆದುಕೊಡಲು ಹೇಳುತ್ತೇನೆ. 12ಕ್ಕೇ ಮೂವರೂ ಹಿಡಿದರೆ ಸುಳಿವು ಬಯಲಾಗಿದೆ. 20ರಲ್ಲಿ ಒಬ್ಬರು ಹಿಡಿದರೆ ಹದ ಸರಿ. ಬೇಗ ಹಿಡಿದವರ ಹತ್ತಿರ ಯಾವ ಪುಟದಲ್ಲಿ ಹೊಳೆಯಿತು ಎಂದು ಕೇಳಿ ಆ ಪುಟ ತೆರೆಯುತ್ತೇನೆ. ಹೆಚ್ಚಾಗಿ ಅಲ್ಲಿ ಸುಳಿವಿನ ಪಕ್ಕ ಒಂದು ‘ವಿಚಿತ್ರವಾಗಿ’ಯೋ ‘ತಟ್ಟನೆ’ಯೋ ಕೂತಿರುತ್ತದೆ. ಆ ಒಂದು ಪದ ತೆಗೆದು ಇನ್ನೊಬ್ಬರಿಗೆ ಕೊಡುತ್ತೇನೆ.