ಖಿನ್ನತೆಯ ಜೊತೆ ವ್ಯಕ್ತಿತ್ವ ದೋಷ: ಹೆಣ್ಣಿಗೂ ಗಂಡಿಗೂ ಒಂದೇ ಪ್ರಶ್ನೆ ಕೇಳಿ

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದ ಹೆಣ್ಣುಮಗಳು ಕೈ ಕುಯ್ದುಕೊಂಡು ಬಂದರೆ ‘ಬಾರ್ಡರ್‌ಲೈನ್’ (ಭಾವನೆ, ಸಂಬಂಧಗಳು ಪದೇಪದೇ ಏರುಪೇರಾಗುವ ವ್ಯಕ್ತಿತ್ವ ದೋಷ) ಎಂದು ಬರೆದುಬಿಡುತ್ತಾರೆ. ಕೋಲಾರದ ಟೊಮೆಟೊ ಮಂಡಿಯ ಹಮಾಲಿ ಕುಡಿದು ಗೋಡೆಗೆ ಗುದ್ದಿದರೆ ‘ಕುಡಿತದ ಚಟ’. ಎರಡೂ ಅವಸರದ ತೀರ್ಮಾನ. ಆಸ್ಪತ್ರೆಗಳಲ್ಲಿ ಬಾರ್ಡರ್‌ಲೈನ್ ಹಣೆಪಟ್ಟಿ ಹೆಚ್ಚಾಗಿ ಹೆಂಗಸರಿಗೆ ಬೀಳುತ್ತದೆ. ಜನಸಮುದಾಯದ ಸಮೀಕ್ಷೆಗಳಲ್ಲಿ ಆ ಅಂತರ ತೀರಾ ಕಡಿಮೆ. ಇತರರ ಹಕ್ಕು, ಕಾನೂನು ಲೆಕ್ಕಿಸದ ‘ಸಮಾಜವಿರೋಧಿ ವ್ಯಕ್ತಿತ್ವ’ ಮಾತ್ರ ಗಂಡಸರಲ್ಲೇ ಜಾಸ್ತಿ.

ಆರೋಗ್ಯ ಕಾರ್ಯಕರ್ತರು ಮೊದಲು ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ತುಂಬಿಸಿ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಗರಿಷ್ಠ 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ. 9ನೇ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ, ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ.

ಸ್ವಭಾವದ, ಅಂದರೆ ವ್ಯಕ್ತಿತ್ವ ದೋಷದ, ವಿಚಾರ ಅವತ್ತೇ ಬೇಡ. ಖಿನ್ನತೆಯಲ್ಲಿ ಯಾರೇ ಆದರೂ ಜನರಿಂದ ದೂರ ಸರಿಯಬಹುದು, ಇಲ್ಲವೇ ಇನ್ನೊಬ್ಬರಿಗೆ ಜೋತುಬೀಳಬಹುದು. ಔಷಧಿ ಶುರುವಾಗಿ 4–6 ವಾರ ಕಳೆದು, ಮನಸ್ಸು ಸ್ವಲ್ಪ ತಿಳಿಯಾದ ಮೇಲೆ ಕೇಳಿ: ‘ಇಪ್ಪತ್ತರ ವಯಸ್ಸಲ್ಲಿ ಹೇಗಿದ್ರಿ?’ ಹರೆಯದಿಂದ ಬಂದ ಜಾಡು ಇಲ್ಲದಿದ್ದರೆ ಅದು ಸಾಮಾನ್ಯವಾಗಿ ವ್ಯಕ್ತಿತ್ವ ದೋಷವಲ್ಲ.

ಗಂಡಸಿಗೂ ಕೇಳಿ: ಮೈಗೆ ಗಾಯ ಮಾಡಿಕೊಂಡದ್ದುಂಟೇ, ಬಿಟ್ಟುಹೋಗುತ್ತಾರೆಂಬ ಭಯವಿದೆಯೇ? ಹೆಂಗಸಿಗೂ ಕೇಳಿ: ಕುಡಿತ, 15ಕ್ಕೆ ಮೊದಲಿನ ಕಳ್ಳತನ, ಹೊಡೆದಾಟ. ಅತ್ತೆ, ಗಂಡನನ್ನು ಹೊರಗೆ ಕೂರಿಸಿಯೇ ಕೇಳಬೇಕು; ಮನೆಯಲ್ಲಿ ಹೊಡೆತ ತಿನ್ನುವವಳ ಹೆದರಿಕೆ ‘ಅವಲಂಬಿ ಸ್ವಭಾವ’ದಂತೆ ಕಾಣುತ್ತದೆ.

ಜಿಲ್ಲಾಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಕಾಯಿಲೆಯ ಹೆಸರು ಬೇಡ, ನಡವಳಿಕೆ ಬರೆಯಿರಿ: ‘17ನೇ ವಯಸ್ಸಿನಿಂದ, ಜಗಳವಾದ ದಿನ ಕೈ ಕುಯ್ದುಕೊಳ್ಳುತ್ತಾರೆ, ಈ ವರ್ಷ 3 ಸಲ.’