ಗೋಕರ್ಣದ ಹೋಂಸ್ಟೇಯಲ್ಲಿ ನೆಟ್ ಪಾಲು ಮಾಡಿದ ಬಗೆ

ಕುಮಟಾ, ಗೋಕರ್ಣದ ಕಡೆ ಕ್ಯಾಮೆರಾ, ವೈಫೈ ಹಾಕಿಕೊಡುವುದು ನನ್ನ ಕೆಲಸ. ಡಿಸೆಂಬರ್ ರಜೆಯ ಹೊತ್ತಿಗೆ ಕುಡ್ಲೆ ಬೀಚ್ ಹತ್ತಿರದ ಒಂದು ಹೋಂಸ್ಟೇಯಿಂದ ಫೋನ್ ಬಂತು. "100 ಎಂಬಿಪಿಎಸ್ ಫೈಬರ್ ಇದ್ರೂ ಸಂಜೆ ಆದ್ರೆ ಕೌಂಟರ್‌ನಲ್ಲಿ ಬುಕಿಂಗ್ ಪೇಜ್ ತೆರೆಯೋದಿಲ್ಲ. ಇನ್ನೂ ದೊಡ್ಡ ಪ್ಲಾನ್ ಹಾಕಿಸ್ಲಾ ಮಾರಾಯಾ?" ತಡೀರಿ, ಮೊದಲು ನೋಡ್ತೇನೆ ಎಂದೆ.

ಸಂಜೆ ಹೋಗಿ ರೂಟರ್ ನೋಡಿದರೆ ಡೌನ್‌ಲೋಡ್ ಅರ್ಧವೂ ತುಂಬಿರಲಿಲ್ಲ. ತುಂಬಿದ್ದು ಅಪ್‌ಲೋಡ್. ಬೀಚಿನಿಂದ ಬಂದವರ ಫೋನುಗಳು ವೈಫೈ ಸಿಕ್ಕ ಕೂಡಲೇ ದಿನದ ಫೋಟೋ, ವಿಡಿಯೋ ಎಲ್ಲ ಕ್ಲೌಡ್‌ಗೆ ಏರಿಸಲು ಶುರು ಮಾಡುತ್ತವೆ. ಅಪ್‌ಲೋಡ್ ಕಟ್ಟಿಕೊಂಡರೆ ಡೌನ್‌ಲೋಡೂ ಸೊರಗುತ್ತದೆ. ಬಂದ ಡೇಟಾಕ್ಕೆ 'ತಲುಪಿತು' ಅಂತ ಉತ್ತರ ಹೋಗಬೇಕಲ್ವಾ, ಅದೂ ಅದೇ ಸಾಲಿನಲ್ಲಿ ಕಾಯುತ್ತದೆ. ದೊಡ್ಡ ಪ್ಲಾನ್ ಹಾಕಿಸಿದ್ದರೆ ಅದನ್ನೂ ಫೋನುಗಳೇ ನುಂಗುತ್ತಿದ್ದವು.

ಅಲ್ಲಿದ್ದದ್ದು ಮೈಕ್ರೋಟಿಕ್ ಕಂಪನಿಯ ರೂಟರ್. ಮೊದಲು ಗುಂಪು ಮಾಡಿದೆ: ಕೌಂಟರ್ ಮತ್ತು ಮನೆಯವರು, ಅತಿಥಿಗಳು, ಕೆಲಸದವರು, ಕ್ಯಾಮೆರಾಗಳು. ಮ್ಯಾಕ್ ವಿಳಾಸ, ಅಂದರೆ ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ, ನೋಡಿ ಗುಂಪು ಮಾಡುವ ಕಾಲ ಮುಗಿಯಿತು. ಆಂಡ್ರಾಯ್ಡ್ 10, ಐಒಎಸ್ 14 ಬಂದಮೇಲೆ ಫೋನುಗಳು ವೈಫೈಗೆ ಬದಲಿ ವಿಳಾಸವನ್ನೇ ತೋರಿಸುತ್ತವೆ. ಹಾಗಾಗಿ ಗುಂಪಿಗೊಂದು ವಿಎಲ್ಎಎನ್ (ಒಂದೇ ರೂಟರ್‌ನೊಳಗೆ ಬೇರೆ ಮಾಡಿದ ನೆಟ್‌ವರ್ಕ್), ಅದಕ್ಕೊಂದು ಐಪಿ ವಿಳಾಸಗಳ ಸಾಲು. ಕ್ಯಾಮೆರಾ ಬಿಟ್ಟು ಉಳಿದವಕ್ಕೆ ಬೇರೆ ಬೇರೆ ವೈಫೈ ಹೆಸರು. ಅತಿಥಿಗಳ ಸಾಲಿನಿಂದ ಉಳಿದ ಗುಂಪುಗಳಿಗೆ ದಾರಿಯೇ ಇಲ್ಲದಂತೆ ಫೈರ್‌ವಾಲ್‌ನಲ್ಲಿ ಮುಚ್ಚಿದೆ. ಎಲ್ಲಿಂದಲೋ ಬಂದವರ ಫೋನಿಗೆ ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್ ಯಾಕೆ ಕಾಣಬೇಕು? ಚಿರೆಕಲ್ಲಿನ ದಪ್ಪ ಗೋಡೆ ದಾಟಿ ಸಿಗ್ನಲ್ ಸರಿಯಾಗಿ ಬರುವುದಿಲ್ಲ ಅಂತ ಹಿಂದಿನ ಕೋಣೆಗಳಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಕೂರಿಸಿದ್ದೂ ಆಯಿತು.

ಇನ್ನು ಪಾಲು. ರೂಟರ್‌ನಲ್ಲಿ ಡೇಟಾ ಕಾಯುವ ಸಾಲಿಗೆ ಕ್ಯೂ ಅನ್ನುತ್ತಾರೆ. ಎಲ್ಲ ಗುಂಪುಗಳೂ ಸೇರುವ ಮೇಲಿನ ಕ್ಯೂಗೆ ಡೌನ್‌ಲೋಡ್, ಅಪ್‌ಲೋಡ್ ಎರಡೂ ಕಡೆ 90 ಎಂಬಿಪಿಎಸ್ ಮಿತಿ ಇಟ್ಟೆ, 100 ಅಲ್ಲ. ಸಾಲು ನಮ್ಮ ರೂಟರ್‌ನಲ್ಲೇ ನಿಲ್ಲಬೇಕು, ಆಗ ಮಾತ್ರ ಯಾರನ್ನು ಮೊದಲು ಬಿಡಬೇಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಅದರ ಕೆಳಗೆ ಕೌಂಟರಿಗೆ 20 ಖಾತ್ರಿ, ಪ್ರಯಾರಿಟಿ 1, ಅಂದರೆ ಎಲ್ಲರಿಗಿಂತ ಮೊದಲು. ಅತಿಥಿಗಳಿಗೆ 50 ಖಾತ್ರಿ. ಖಾಲಿ ಇದ್ದರೆ ಡೌನ್‌ಲೋಡ್ 80ರವರೆಗೆ, ಅಪ್‌ಲೋಡ್ 60ರವರೆಗೆ. ಕೆಲಸದವರಿಗೆ 10, ಕ್ಯಾಮೆರಾಕ್ಕೆ 5. ಖಾತ್ರಿಗಳೆಲ್ಲ ಕೂಡಿ 85. ಈ ಮೊತ್ತ ಮೇಲಿನ ಮಿತಿಯನ್ನು ದಾಟಬಾರದು, ದಾಟಿದರೆ ಖಾತ್ರಿ ಅನ್ನುವುದು ಸುಮ್ನೆ ಹೆಸರಿಗೆ.

ತಲೆಗೆ 2 ಎಂಬಿಪಿಎಸ್ ಅಂತ ಕಟ್ಟಿಬಿಡುವುದು ನನಗೆ ಹಿಡಿಸುವುದಿಲ್ಲ. ಮಧ್ಯಾಹ್ನ ಇಬ್ಬರೇ ಇದ್ದು ಲೈನ್ ಖಾಲಿ ಬಿದ್ದಿದ್ದರೂ ಅವರಿಗೆ ಅಷ್ಟೇ ಸಿಗುತ್ತದೆ. ಅತಿಥಿಗಳ ಕ್ಯೂಗೆ ಪಿಸಿಕ್ಯೂ (ಇದ್ದವರಿಗೆಲ್ಲ ಸಮನಾಗಿ ಹಂಚುವ ಬಗೆಯ ಕ್ಯೂ) ಹಾಕಿ ರೇಟ್ ಸೊನ್ನೆ ಇಟ್ಟೆ, ಅಂದರೆ ತಲೆಗೆ ಇಷ್ಟೇ ಅನ್ನುವ ಮಿತಿ ಇಲ್ಲ. ಪಂಕ್ತಿಯಲ್ಲಿ ಬಡಿಸಿದ ಹಾಗೆ, ಎಷ್ಟು ಜನ ಕೂತಿದ್ದಾರೋ ಅಷ್ಟು ಜನಕ್ಕೂ ಸಮನಾಗಿ ಹೋಗುತ್ತದೆ. ಡೌನ್‌ಲೋಡ್ ಕಡೆ ಡಿಎಸ್‌ಟಿ (ಡೇಟಾ ತಲುಪುವ) ವಿಳಾಸ, ಅಪ್‌ಲೋಡ್ ಕಡೆ ಎಸ್‌ಆರ್‌ಸಿ (ಡೇಟಾ ಹೊರಡುವ) ವಿಳಾಸ ನೋಡಿ ಹಂಚಬೇಕು.

ಕ್ಯೂ ಬರೆದರೂ ಏನೂ ಬದಲಾಗಲಿಲ್ಲ ಅಂತ ಕೇಳುವ ಹುಡುಗರಿಗೆ ನನ್ನ ಮೊದಲ ಪ್ರಶ್ನೆ: ಫಾಸ್ಟ್‌ಟ್ರ್ಯಾಕ್ ನಿಲ್ಲಿಸಿದ್ಯಾ? ಅದು ಡೇಟಾವನ್ನು ಬೇಗ ದಾಟಿಸುವ ಅಡ್ಡದಾರಿ. ಡೀಫಾಲ್ಟ್ ಫೈರ್‌ವಾಲ್‌ನಲ್ಲಿ ಆ ರೂಲ್ ಇರುತ್ತದೆ, ಅದರಲ್ಲಿ ಹೋಗುವ ಕನೆಕ್ಷನ್‌ಗಳು ನಾವು ಬರೆದ ಸಿಂಪಲ್ ಕ್ಯೂವನ್ನು ಮುಟ್ಟುವುದೇ ಇಲ್ಲ. ನಿಲ್ಲಿಸಿದರೆ ಸಿಪಿಯು ಕೆಲಸ ಜಾಸ್ತಿಯಾಗುತ್ತದೆ, ಆದರೆ 100 ಎಂಬಿಪಿಎಸ್‌ಗೆ ಅದೇನೂ ಭಾರವಲ್ಲ.

ಮಳೆಗಾಲದ್ದು ಬೇರೆ ಕಥೆ. ಮರ ಬಿದ್ದು ಫೈಬರ್ ತುಂಡಾದರೆ ಲೈನ್ ಯಾವಾಗ ಬರುತ್ತದೋ ಹೇಳಲಾಗದು. ಅದಕ್ಕೆ ಒಂದು 4ಜಿ ಡಾಂಗಲ್ ಸೇರಿಸಿದೆ. ಫೈಬರ್ ಹೋದದ್ದು ನೆಟ್‌ವಾಚ್‌ಗೆ (ಲೈನ್ ಇದೆಯೇ ಎಂದು ನೋಡುತ್ತಿರುವ ರೂಟರ್‌ನ ಸೌಲಭ್ಯ) ಗೊತ್ತಾದ ಕೂಡಲೇ ಸ್ಕ್ರಿಪ್ಟ್ ಓಡಿ ಅತಿಥಿಗಳ ಗುಂಪನ್ನು ನಿಲ್ಲಿಸುತ್ತದೆ, ಡಾಂಗಲ್ ಕೌಂಟರಿಗೆ ಮಾತ್ರ. ಅತಿಥಿಗಳಿಗೆ ಅಷ್ಟು ಹೊತ್ತು ಅವರವರ ಮೊಬೈಲ್ ಡೇಟಾವೇ ಗತಿ. ಕೋಣೆಯ ಪಾಸ್‌ವರ್ಡ್ ಚೀಟಿಯಲ್ಲೇ ಅದನ್ನು ಬರೆಸಿದ್ದೇವೆ.